ಎಲೆಯು ಕೆಂಪಾದುದೇಕೆ?

ನಮ್ಮ ಕಡೆಯ ಮನೆಗಳಲ್ಲಿ ತುಳಸೀಕಟ್ಟೆಯ ಮಗ್ಗುಲಿಗೆ ಒಂದೆರಡು ದಪ್ಪೆಲೆಯ ಗಿಡಗಳಿರುವುದು ಹಿರಿಯರ ಕಾಲದಿಂದ ನಡೆದುಬಂದ ವಾಡಿಕೆ. ಕೈ ಸುಟ್ಟುಕೊಂಡರೆ ಬೇಕಾಗುವುದೆಂದು ಲೋಳೆಸರ, ಮಕ್ಕಳ ಕೌತುಕಕ್ಕೆಂದು ಕಾಡುಬಸಳೆ, ಹಿತ್ತಲ ಗೋಡೆಯ ಮೇಲೆ ಹಬ್ಬಿದ ಮಂಗರವಳ್ಳಿ, ಬೇಲಿಯಲ್ಲಿ ಕಳ್ಳಿ. ಸಂಸ್ಕೃತದಲ್ಲಿ ಇವುಗಳಿಗೆ ಕ್ರಮವಾಗಿ ಘೃತಕುಮಾರೀ, ಪರ್ಣಬೀಜ, ಅಸ್ಥಿಸಂಹಾರೀ, ಸ್ನುಹೀ ಎಂಬ ಹೆಸರುಗಳುಂಟು. ಎಲೆಯಲ್ಲಿಯೋ ಕಾಂಡದಲ್ಲಿಯೋ ನೀರನ್ನು ಕೂಡಿಟ್ಟುಕೊಂಡು ಮಳೆಯಿಲ್ಲದ ತಿಂಗಳುಗಳನ್ನು ದಾಟುವುದು ಇವೆಲ್ಲವುಗಳ ಸಮಾನಧರ್ಮ. ಆದುದರಿಂದಲೇ ಇವುಗಳನ್ನು ಮಾಂಸಲ ಸಸ್ಯಗಳೆಂದು ಕರೆಯುತ್ತಾರೆ. ಮನೆಯವರು ನೀರು ಹಾಕಲು ಮರೆತರೂ ಮುನಿಸಿಕೊಳ್ಳದ ಗಿಡಗಳಿವು. ಈಚೆಗೆ ಇವುಗಳ ಪರದೇಶದ ದಾಯಾದಿಗಳೂ ಅಂಗೈಯಗಲದ ಕುಂಡಗಳಲ್ಲಿ ಕುಳಿತು ನಮ್ಮ ಪೇಟೆಗಳಿಗೆ ಮಾರಾಟಕ್ಕೆ ಬರುತ್ತಿವೆ.

ಇಂಥ ಗಿಡಗಳನ್ನು ಸಾಕಿದ ಗೃಹಿಣಿಯರೆಲ್ಲರೂ ಒಂದಿಲ್ಲೊಂದು ದಿನ ಕೇಳುವ ಪ್ರಶ್ನೆಯೊಂದುಂಟು: ನಿನ್ನೆಯವರೆಗೆ ಹಸುರಾಗಿದ್ದ ಎಲೆಯು ಕೆಂಪಾದುದೇಕೆ? ಇದು ರೋಗವೋ, ನೀರಿನ ಕೊರತೆಯೋ, ಅಥವಾ ಯಾರದಾದರೂ ದೃಷ್ಟಿ ತಾಕಿತೋ? ಈ ಲೇಖಕನೂ ಒಮ್ಮೆ ಹೀಗೆಯೇ ಗಾಬರಿಗೊಂಡು, ತಿಳಿಯದೆ ಚಿಕಿತ್ಸೆಗೆ ತೊಡಗಿ, ಒಂದು ಗಿಡವನ್ನು ಕೊಂದುಕೊಂಡನು. ಸುಜ್ಞ ವಾಚಕರು ಆ ತಪ್ಪನ್ನು ಮಾಡದಿರಲೆಂದು ಮೊದಲು ಆ ವೃತ್ತಾಂತವನ್ನು ಹೇಳಿ, ಅನಂತರ ಅದರ ಕಾರಣವನ್ನು ವಿಚಾರಿಸುವೆನು.

ನನ್ನ ವಾಸವು ಬೈಲಹೊಂಗಲದಲ್ಲಿ. ಶಾಲೆಯಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿ ನಿವೃತ್ತನಾದವನು ನಾನು. ಗಿಡಮರಗಳ ಲೋಕವೆಲ್ಲ ನನ್ನ ಪತ್ನಿಯದಾಗಿತ್ತು. ಆಕೆ ಮದುವೆಯಾಗಿ ಬಂದ ವರ್ಷ ತನ್ನ ತವರೂರಾದ ಕಿತ್ತೂರಿನಿಂದ ಕಾಡುಬಸಳೆಯ ಒಂದೇ ಒಂದು ಎಲೆಯನ್ನು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಅದೇ ಎಲೆಯ ಸಂತಾನವು ಮೂವತ್ತು ವರ್ಷಗಳಿಗೂ ಮಿಕ್ಕಿ ನಮ್ಮ ಅಂಗಳದ ಬೇವಿನ ಬುಡದಲ್ಲಿ, ಒಂದು ಮಣ್ಣಿನ ಕುಂಡದಲ್ಲಿ ಬಾಳಿತು. ಆಕೆ ಅಂಗಳ ಗುಡಿಸುವಾಗ ಆ ಕುಂಡವನ್ನು ಆಗಾಗ ಅತ್ತಿತ್ತ ಸರಿಸುತ್ತಿದ್ದಳು. ಹಾಸುಗಲ್ಲುಗಳ ಮೇಲೆ ಕುಂಡದ ತಳದ ಗುಂಡನೆಯ ಕಲೆಗಳು ಮೂಡುತ್ತಿದ್ದವು. “ಒಂದು ಕಡೆ ಇಡಬಾರದೇನು? ಕಲ್ಲೆಲ್ಲ ಹೊಲಸಾಗ್ತಾವ” ಎಂದು ನಾನು ಗೊಣಗಿಕೊಂಡದ್ದುಂಟು. ಆಕೆ ನಕ್ಕು ಸುಮ್ಮನಾಗುತ್ತಿದ್ದಳು.

ಮೂರು ವರ್ಷಗಳ ಹಿಂದೆ ಶ್ರಾವಣಮಾಸದಲ್ಲಿ ಆಕೆ ತೀರಿಕೊಂಡಳು. ಮರುವರ್ಷ ಮುಂಗಾರಿನ ಬಿರುಗಾಳಿಗೆ ಬೇವಿನ ಮರವೂ ಉರುಳಿತು. ನೆರಳು ಹೋದ ಅಂಗಳದಲ್ಲಿ ಕುಂಡವು ಒಂಟಿಯಾಗಿ ನಿಂತಿತು. ಮಳೆಗಾಲ ಮುಗಿದು, ಮೋಡಗಳು ಚದುರಿ, ಹಿಂಗಾರಿನ ನಿರ್ಮಲವಾದ ಬಿಸಿಲು ಬೀಳತೊಡಗಿದ ಮೇಲೆ ಎಲೆಗಳ ಅಂಚು ಕೆಂಪೇರಿತು. ಮಾಘದ ಹೊತ್ತಿಗೆ ಗಿಡಕ್ಕೆ ಗಿಡವೇ ತಾಮ್ರದ ಬಣ್ಣ ತಾಳಿತು. ಆಕೆಯ ಕೈಯ ಗಿಡವು ನನ್ನ ಕೈಯಲ್ಲಿ ಸಾಯುತ್ತಿದೆಯೆಂದು ನನಗೆ ಭಯವಾಯಿತು. ತಡಮಾಡದೆ ಕುಂಡವನ್ನೆತ್ತಿ ದೇವರ ಮನೆಯ ಪಕ್ಕದ ಕೋಣೆಯೊಳಗಿಟ್ಟೆನು. ಎರಡು ತಿಂಗಳಲ್ಲಿ ಕೆಂಪು ಮಾಯವಾಗಿ ಎಲೆಗಳು ಮತ್ತೆ ಹಸುರಾದವು. ಗಿಡ ಗುಣವಾಯಿತೆಂದು ನೆರೆಹೊರೆಯವರಿಗೆಲ್ಲ ಹೇಳಿಕೊಂಡು ಹಿಗ್ಗಿದೆನು. ಕಾಂಡವು ಸೊರಗಿ ಉದ್ದವಾಗಿ ಕಿಟಕಿಯ ಕಡೆಗೆ ಬಾಗಿದ್ದುದನ್ನು ಕಂಡೂ ಅದರ ಅರ್ಥವನ್ನು ತಿಳಿಯಲಿಲ್ಲ.

ಯುಗಾದಿ ಕಳೆದ ಮೇಲೆ, ಚೈತ್ರದ ಬಿಸಿಲಿನಲ್ಲಿ, ಗುಣವಾದ ಗಿಡವನ್ನು ಅದರ ಹಳೆಯ ಸ್ಥಳದಲ್ಲಿ ಮರಳಿ ಇಟ್ಟೆನು. ನಾಲ್ಕನೆಯ ದಿನ ಎಲೆಗಳ ಮೇಲೆ ವಿಭೂತಿ ಬಳಿದಂತೆ ಬಿಳಿಯ ತೇಪೆಗಳು ಕಂಡವು. ವಾರದೊಳಗೆ ಅವು ಕಂದಿ, ಹಳೆಯ ಕಾಗದದಂತೆ ಒಣಗಿದವು. ಸೆಕೆಗೆ ಹೀಗಾಯಿತೆಂದು ದಿನಕ್ಕೆರಡು ಸಲ ನೀರು ಹೊಯ್ದೆನು; ಅದರಿಂದ ಬುಡವೂ ಕೊಳೆಯಿತು. ಹಿಂದಿನ ವರ್ಷ ಅದೇ ಸ್ಥಳದಲ್ಲಿ, ಅದೇ ಬಿಸಿಲಿನಲ್ಲಿ ಅಳುಕದೆ ನಿಂತಿದ್ದ ಗಿಡವು ಈಗ ನಾಲ್ಕೇ ದಿನಗಳಲ್ಲಿ ಸುಟ್ಟುಹೋದುದೇಕೆ? ಈ ಪ್ರಶ್ನೆಯೇ ನನ್ನನ್ನು ಈ ವಿಷಯದ ಅಭ್ಯಾಸಕ್ಕೆ ಹಚ್ಚಿತು.

ಗಿಡದಲ್ಲಿ ಒಂದೇ ಒಂದು ಎಲೆ ಮಾತ್ರ ನೆಟ್ಟಗೆ ಉಳಿದಿತ್ತು. ಬೇಸಿಗೆಯ ಸೂಟಿಗೆ ಸವದತ್ತಿಯಿಂದ ಬಂದಿದ್ದ ಮೊಮ್ಮಗಳು ಅದನ್ನು ಕಿತ್ತುಕೊಂಡು, “ಅಜ್ಜಾ, ಇದಕ್ಕ ಬೇರು ಬ್ಯಾಡ, ಎಲಿ ಒಂದಿದ್ದರ ಸಾಕು ಅಂತ ಅಜ್ಜಿ ಹೇಳಿದ್ದಳಲ್ಲ” ಎಂದು ತಾಟಿನಲ್ಲಿ ಹಸಿಮಣ್ಣು ಹರಡಿ ಅದರ ಮೇಲೆ ಮಲಗಿಸಿದಳು. ಪರ್ಣವೇ ಬೀಜವಾಗಿರುವುದರಿಂದಲ್ಲವೇ ಇದಕ್ಕೆ ಪರ್ಣಬೀಜವೆಂದು ಹೆಸರು? ಕೆಲವು ವಾರಗಳಲ್ಲಿ ಎಲೆಯಂಚಿನ ಕಚ್ಚುಗಳಿಂದ ಏಳು ಮರಿಗಳು ಎದ್ದವು. ಮಳೆ ಬಿದ್ದ ಮೇಲೆ ಅವುಗಳಲ್ಲಿ ಒಂದನ್ನು ಕಿತ್ತೂರಿಗೆ ಆಕೆಯ ತವರುಮನೆಗೂ, ಒಂದನ್ನು ಸವದತ್ತಿಗೆ ಮಗಳ ಮನೆಗೂ, ಒಂದನ್ನು ರಾಮದುರ್ಗಕ್ಕೆ ನನ್ನ ತಂಗಿಯ ಮನೆಗೂ ಕಳುಹಿಸಿ, ಒಂದನ್ನು ನಾನು ಇಟ್ಟುಕೊಂಡೆನು. ಉಳಿದವುಗಳನ್ನು ನೆರೆಯವರು ಒಯ್ದರು.

ಮುಂದಿನ ಮಾಘದಲ್ಲಿ, ಭಾರತ ಹುಣ್ಣಿಮೆಯ ಯಲ್ಲಮ್ಮನ ಜಾತ್ರೆಯ ನಿಮಿತ್ತ ಸವದತ್ತಿಗೆ ಹೊರಟವನು, ಹಾಗೆಯೇ ನಾಲ್ಕೂ ಊರುಗಳ ಕುಂಡಗಳನ್ನು ನೋಡಿ ಬಂದೆನು. ಈ ನಾಲ್ಕೂ ಊರುಗಳು ಬೆಳಗಾವಿ ಜಿಲ್ಲೆಯವೇ ಆದರೂ ಅವುಗಳ ಆಕಾಶವು ಒಂದೇ ತೆರನಲ್ಲ. ಕಿತ್ತೂರು ಪಶ್ಚಿಮದಲ್ಲಿ, ಮಲೆನಾಡಿನ ಸೆರಗಿನಲ್ಲಿದೆ. ಅಲ್ಲಿ ಮೋಡವೂ ಮರವೂ ಹೆಚ್ಚು. ಪೂರ್ವಕ್ಕೆ ಬಂದಂತೆ, ಬೈಲಹೊಂಗಲದ ಕರಿಯ ಎರೆಭೂಮಿಯನ್ನು ದಾಟಿ, ಮಲಪ್ರಭೆಯ ದಡದ ಸವದತ್ತಿಯ ಗುಡ್ಡಗಳನ್ನು ಹಾಯ್ದು, ರಾಮದುರ್ಗದ ಮರಳುಗಲ್ಲಿನ ಸೀಮೆಯನ್ನು ಸೇರುವಷ್ಟರಲ್ಲಿ ಮಳೆ ಕಡಿಮೆಯಾಗಿ ಬಿಸಿಲು ನಿಚ್ಚಳವಾಗುತ್ತದೆ. ಸಹ್ಯಾದ್ರಿಯು ಮೋಡಗಳನ್ನು ತಡೆದು ಮಳೆಯನ್ನು ತಾನೇ ಇಳಿಸಿಕೊಳ್ಳುವುದೇ ಇದಕ್ಕೆ ಕಾರಣ.

ಕಿತ್ತೂರಿನಲ್ಲಿ ಕುಂಡವು ಹಿತ್ತಲ ಮಾವಿನ ಮರದ ಕೆಳಗಿತ್ತು. ಎಲೆಗಳು ಅಂಗೈಗಿಂತ ಅಗಲ, ಕಡುಹಸುರು, ಮೆತ್ತಗೆ. ಕೆಂಪಿನ ಸುಳಿವೇ ಇರಲಿಲ್ಲ. ಬೈಲಹೊಂಗಲದ ನನ್ನ ಕುಂಡಕ್ಕೆ ಮೂಡಣ ಪಡಸಾಲೆಯಲ್ಲಿ ಮುಂಜಾನೆಯ ಬಿಸಿಲು ಮಾತ್ರ ತಾಕುತ್ತಿತ್ತು. ಅದರ ಎಲೆಗಳು ಹಸುರಾಗಿದ್ದು ಅಂಚಿಗೆ ಮಾತ್ರ ಕುಂಕುಮದ ಗೆರೆ ಎಳೆದಂತಿತ್ತು. ಸವದತ್ತಿಯಲ್ಲಿ ಮಾಳಿಗೆಯ ಮೇಲೆ ಹಗಲೆಲ್ಲ ಬಿಸಿಲುಂಡ ಗಿಡದ ಎಲೆಗಳು ತಾಮ್ರವರ್ಣ ತಾಳಿದ್ದವು. ರಾಮದುರ್ಗದಲ್ಲಿ ತಂಗಿಯು ಕುಂಡವನ್ನು ಬಯಲಿಗೆ ಮುಖಮಾಡಿದ ಕಲ್ಲುಗೋಡೆಯ ಮೇಲೆ ಇಟ್ಟಿದ್ದಳು. ಅಲ್ಲಿ ಎಲೆಗಳು ಚಿಕ್ಕವು, ದಪ್ಪ, ಮೇಲ್ಮುಖವಾಗಿ ಮಡಿಚಿಕೊಂಡಂಥವು; ಕಾಂಡವೂ ತೊಟ್ಟೂ ಸಹ ರಕ್ತವರ್ಣ. ಒಂದೇ ಎಲೆಯ ಮಕ್ಕಳು ನಾಲ್ಕು. ಬೀಜದಿಂದ ಹುಟ್ಟಿದವಲ್ಲವಾದುದರಿಂದ ವಂಶಗುಣದಲ್ಲಿ ಕೂದಲೆಳೆಯಷ್ಟೂ ಭೇದವಿಲ್ಲದವು. ಆದರೂ ಬಣ್ಣ ನಾಲ್ಕು ಬಗೆ.

ರಾಮದುರ್ಗದ ನೆರೆಮನೆಯ ಹಿರಿಯರೊಬ್ಬರು, “ಮಾಸ್ತರ, ನಮ್ಮ ಗುಡ್ಡದ ಮಣ್ಣು ಕೆಂಪದ, ಅದಕ್ಕ ಎಲಿನೂ ಕೆಂಪಾಗ್ಯಾವ” ಎಂದು ನಿರ್ಣಯವಿತ್ತರು. ಮಾತು ಯುಕ್ತವೆಂದು ತೋರಿದರೂ ನಿಲ್ಲುವಂಥದಲ್ಲ. ಯಾಕಂದರೆ ಅದೇ ಗಿಡದಲ್ಲಿ, ಮೇಲಿನ ಎಲೆಗಳ ನೆರಳಿಗೆ ಸಿಕ್ಕ ಕೆಳಗಿನ ಎಲೆಗಳು ಹಸುರಾಗಿಯೇ ಇದ್ದವು. ಮಣ್ಣು ಒಂದು, ಬೇರು ಒಂದು, ನೀರು ಒಂದು. ಭೇದವಿದ್ದುದು ಬೆಳಕಿನಲ್ಲಿ ಮಾತ್ರ. ಸವದತ್ತಿಯಲ್ಲಿ ಮೊಮ್ಮಗಳಿಂದ ಇನ್ನೊಂದು ಪರೀಕ್ಷೆಯನ್ನೂ ಮಾಡಿಸಿದೆನು. ಇನ್ನೂ ಕೆಂಪೇರದ ಎಳೆಯ ಎಲೆಯೊಂದರ ನಡುವೆ ಎರಡು ಬೆರಳಗಲದ ಕರಿಯ ಬಟ್ಟೆಯ ಪಟ್ಟಿಯನ್ನು ದಾರದಿಂದ ಸಡಿಲಾಗಿ ಕಟ್ಟಿಸಿದೆನು. ಮೂರು ವಾರಗಳ ಮೇಲೆ ಬಿಚ್ಚಿದಾಗ ಪಟ್ಟಿಯ ಎರಡೂ ಬದಿಗೆ ಎಲೆ ಕೆಂಪಾಗಿತ್ತು; ಪಟ್ಟಿಯ ಕೆಳಗೆ ಹಸುರು ಹಾಗೆಯೇ ಉಳಿದಿತ್ತು. ವಾಚಕರ ಮನೆಯಲ್ಲಿ ಮಕ್ಕಳಿದ್ದರೆ ಖರ್ಚಿಲ್ಲದ ಈ ಪ್ರಯೋಗವನ್ನು ಅವರಿಂದ ಅವಶ್ಯವಾಗಿ ಮಾಡಿಸಬೇಕು.

ಇನ್ನು ಕಾರಣವಿಚಾರ. ಎಲೆಯ ಹಸುರಿಗೆ ಪತ್ರಹರಿತ್ತೆಂಬ ದ್ರವ್ಯವು ಕಾರಣವೆಂಬುದು ಶಾಲೆ ಕಲಿತವರಿಗೆಲ್ಲ ತಿಳಿದುದೇ. ಅದು ಸೂರ್ಯಪ್ರಕಾಶದಲ್ಲಿರುವ ಕೆಂಪು ಹಾಗೂ ನೀಲಿ ಕಿರಣಗಳನ್ನು ವಿಶೇಷವಾಗಿ ಹೀರಿಕೊಂಡು, ಹಸುರನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ಆದುದರಿಂದಲೇ ಎಲೆಯು ನಮಗೆ ಹಸುರಾಗಿ ಕಾಣುವುದು. ಹೀರಿಕೊಂಡ ಶಕ್ತಿಯಿಂದ ಎಲೆಯು ವಾಯುವಿನ ಇಂಗಾಲವನ್ನೂ ನೀರನ್ನೂ ಕೂಡಿಸಿ ಸಕ್ಕರೆಯನ್ನು ಮಾಡುತ್ತದೆ. ಇದು ಎಲೆಯ ಪಾಕಶಾಲೆ. ಆದರೆ ಯಾವ ಪಾಕಶಾಲೆಗೂ ಒಂದು ಮಿತಿಯುಂಟಷ್ಟೆ. ಒಲೆಯ ಮೇಲಿರುವ ಪಾತ್ರೆಗೆ ಬೇಕಾದುದಕ್ಕಿಂತ ಹೆಚ್ಚು ಉರಿ ಹಾಕಿದರೆ ಅಡಿಗೆ ಬೇಗ ಆಗುವುದಿಲ್ಲ, ತಳ ಹತ್ತುತ್ತದೆ. ಹಾಗೆಯೇ ಎಲೆಯು ಬಳಸಲಾರದಷ್ಟು ಬೆಳಕು ಬಿದ್ದಾಗ, ಮಿಕ್ಕ ಶಕ್ತಿಯು ಉಗ್ರವಾದ ಪ್ರಾಣವಾಯುವಿನ ರೂಪಗಳನ್ನು ಹುಟ್ಟಿಸಿ, ಪತ್ರಹರಿತ್ತನ್ನೂ ಅದಕ್ಕೆ ಆಧಾರವಾದ ಸೂಕ್ಷ್ಮಪಟಲಗಳನ್ನೂ ನಾಶಮಾಡುತ್ತದೆ.

ದಪ್ಪೆಲೆಯ ಗಿಡಗಳಿಗೆ ಈ ಅಪಾಯವು ವಿಶೇಷವಾಗಿದೆ. ಸಾಮಾನ್ಯ ಗಿಡಗಳು ಎಲೆಯ ಸೂಕ್ಷ್ಮರಂಧ್ರಗಳನ್ನು ಹಗಲಿನಲ್ಲಿ ತೆರೆದಿಟ್ಟು, ನೀರನ್ನು ಆವಿಯಾಗಿ ಬಿಡುತ್ತ ಮೈಯನ್ನು ತಂಪಾಗಿಟ್ಟುಕೊಳ್ಳುತ್ತವೆ. ನೀರಿನ ಜಿಪುಣತನವನ್ನೇ ವ್ರತವಾಗಿ ಹಿಡಿದ ಕಾಡುಬಸಳೆಯಂಥವು ಬಿಸಿಲು ಏರುತ್ತಲೇ ಬಾಗಿಲು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆಯುತ್ತವೆ. ಆಗ ಒಳಗೆ ಬಂದ ಇಂಗಾಲಾಮ್ಲವಾಯುವನ್ನು ಒಂದು ಬಗೆಯ ಹುಳಿಯ ರೂಪದಲ್ಲಿ ಬೆಳಗಿನವರೆಗೆ ಕೂಡಿಡುತ್ತವೆ. ಹಗಲಿನಲ್ಲಿ ಬಾಗಿಲು ಮುಚ್ಚಿಕೊಂಡೇ ಆ ಹುಳಿಯನ್ನು ಒಡೆದು, ಬಿಸಿಲಿನ ಬಲದಿಂದ ಸಕ್ಕರೆಯನ್ನು ಮಾಡುತ್ತವೆ.

ಈ ಸಂಗತಿಯನ್ನು ಮೊದಮೊದಲು ಗುರುತಿಸಿದವರಲ್ಲಿ ನಮ್ಮ ನಾಡಿನಲ್ಲಿ ಕೆಲಸ ಮಾಡಿದ ಒಬ್ಬ ಪರದೇಶಿಯ ಹೆಸರು ಬರುತ್ತದೆಂಬುದು ಸಂತೋಷದ ಮಾತು. ಟಿಪ್ಪೂಸುಲ್ತಾನನು 1799ರಲ್ಲಿ ಮಡಿದ ಮೇಲೆ ನಡೆದ ಮೈಸೂರು ಸೀಮೆಯ ಮೋಜಣಿಯಲ್ಲಿ ಸಸ್ಯಶಾಸ್ತ್ರಜ್ಞನಾಗಿದ್ದು, ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಣೆಯನ್ನೂ ಕೆಲಕಾಲ ನೋಡಿಕೊಂಡ ಬೆಂಜಮಿನ್ ಹೇಯ್ನ್ ಎಂಬಾತನು, ಇದೇ ಕಾಡುಬಸಳೆಯ ಎಲೆಯು ಮುಂಜಾನೆ ಬಹಳ ಹುಳಿಯಾಗಿಯೂ, ಮಧ್ಯಾಹ್ನ ರುಚಿಯಿಲ್ಲದೆಯೂ, ಸಂಜೆಗೆ ಕಹಿಯಾಗಿಯೂ ಇರುವುದನ್ನು ಕಂಡುಕೊಂಡನು. ಈ ವಿಷಯವಾಗಿ ಆತನು ಬರೆದುದು ಲಂಡನ್ನಿನ ಲಿನ್ನಿಯನ್ ಸೊಸಾಯಿಟಿಯ ಗ್ರಂಥದಲ್ಲಿ 1815ರಲ್ಲಿ ಅಚ್ಚಾಯಿತು. ಈ ಎಲೆಯಲ್ಲಿ ವಿಷಾಂಶವಿದ್ದು, ಹೆಚ್ಚಾಗಿ ಮೇಯ್ದ ದನಗಳ ಹೃದಯಕ್ಕೆ ಅಪಾಯವಾಗುತ್ತದೆಂಬುದು ಈಗ ತಿಳಿದಿರುವುದರಿಂದ, ವಾಚಕರು ಆತನ ಮಾತನ್ನು ನಂಬಬೇಕೇ ಹೊರತು ಅಗಿದು ಪರೀಕ್ಷಿಸಬಾರದು.

ಈಗ ನೋಡಿರಿ: ರಾತ್ರಿ ಕೂಡಿಟ್ಟ ಹುಳಿಯು ಮಧ್ಯಾಹ್ನಕ್ಕೆ ತೀರುತ್ತ ಬರುತ್ತದೆ, ಆದರೆ ಬಿಸಿಲು ಇನ್ನೂ ತೀರಿರುವುದಿಲ್ಲ. ಬೇಯಿಸಲು ಅಕ್ಕಿಯಿಲ್ಲ, ಒಲೆ ಮಾತ್ರ ಉರಿಯುತ್ತಿದೆ. ಮೇಲಾಗಿ ಬಾಗಿಲುಗಳೂ ಮುಚ್ಚಿವೆ. ಇಂಥ ಹೊತ್ತಿಗೆ ಎಲೆಯು ತಲೆಯ ಮೇಲೆ ಕೊಡೆ ಹಿಡಿಯದೆ ಗತಿಯಿಲ್ಲ. ಆ ಕೊಡೆಯೇ ನಾವು ರೋಗವೆಂದು ಹೆದರುವ ಕೆಂಪು.

ಕಾಡುಬಸಳೆಯ ಕೆಂಪಿಗೆ ಕಾರಣವಾದ ದ್ರವ್ಯವು ಎಲೆಯ ಮೇಲ್ಭಾಗದ ಕೋಶಗಳ ರಸದಲ್ಲಿ ಕರಗಿರುತ್ತದೆ. ಹೂವೆಂದೂ ನೀಲಿಯೆಂದೂ ಅರ್ಥವುಳ್ಳ ಎರಡು ಗ್ರೀಕ್ ಶಬ್ದಗಳನ್ನು ಕೂಡಿಸಿ ಮಾರ್ಕ್ವಾರ್ಟ್ ಎಂಬ ಜರ್ಮನ್ ಪಂಡಿತನು 1835ರಲ್ಲಿ ಇದಕ್ಕೆ ಆಂಥೋಸಯನಿನ್ ಎಂದು ಹೆಸರಿಟ್ಟನು. ಕೆಂಪು ದಾಸವಾಳದ ಎಸಳಿನಲ್ಲಿರುವುದೂ ಈ ಜಾತಿಯ ಬಣ್ಣವೇ. ಬೆಳಕು ಮಿಗಿಲಾದಾಗ ಕೋಶಗಳು ಇದನ್ನು ತಯಾರಿಸುತ್ತವೆ. ಇದು ಮೇಲಿನಿಂದ ಬರುವ ಬೆಳಕಿನ ಹಸುರು ಮತ್ತು ನೀಲಿಯ ಒಂದು ಪಾಲನ್ನು ತಾನೇ ಹೀರಿಕೊಂಡು, ಒಳಗಿನ ಪತ್ರಹರಿತ್ತಿಗೆ ಸಹ್ಯವಾದಷ್ಟನ್ನು ಮಾತ್ರ ಬಿಡುತ್ತದೆ. ಹಸುರು ಎಲ್ಲಿಗೂ ಹೋಗಿರುವುದಿಲ್ಲ. ಪರದೆಯ ಹಿಂದೆ ಕುಳಿತು ತನ್ನ ಕೆಲಸವನ್ನು ಮಾಡುತ್ತಿರುತ್ತದೆ. ಮಾವಿನ ಚಿಗುರನ್ನೂ ಅರಳಿಯ ಚಿಗುರನ್ನೂ ಕಂಡು ನಮ್ಮ ಕವಿಗಳು ಅದನ್ನು ಸುಂದರಿಯರ ತುಟಿಗೆ ಹೋಲಿಸಿದರಲ್ಲವೇ? ಆ ಕಿಸಲಯರಾಗವೂ ಇದೇ ವರ್ಣವಾಗಿದ್ದು, ಇನ್ನೂ ಬಲಿಯದ ಎಳೆಯ ಎಲೆಗೆ ಬಿಸಿಲಿನ ಮರೆಯಾಗುತ್ತದೆ.

ಆದರೆ ಎಲ್ಲ ಮಾಂಸಲ ಸಸ್ಯಗಳ ಕೊಡೆಯೂ ಒಂದೇ ಬಟ್ಟೆಯದಲ್ಲ. ಲೋಳೆಸರದ ಕುಲದಲ್ಲಿ ಬಿಸಿಲಿಗೆ ಬರುವ ಕೆಂಗಂದು ಬಣ್ಣವು, ಗಜ್ಜರಿಯ ಹಳದಿಗೆ ಬಂಧುವಾದ ರೋಡೋಕ್ಸಾಂಥಿನ್ ಎಂಬ ಬೇರೊಂದು ದ್ರವ್ಯದ್ದು. ನೆರಳಿಗಿಟ್ಟರೆ ಅದು ಕರಗಿ ಎಲೆಯು ಮರಳಿ ಹಸುರಾಗುತ್ತದೆ. ಹೊಲದ ಬದುವಿನಲ್ಲಿ ಬೆಳೆಯುವ ಗೋಳಿ ಪಲ್ಲೆಯ ದಂಟಿನ ಕೆಂಪೂ, ಡಬಗಳ್ಳಿಯ ಹಣ್ಣಿನ ಕೆಂಪೂ ಮೂರನೆಯ ವರ್ಗಕ್ಕೆ ಸೇರಿದವು. ಅಡಿಗೆಮನೆಯ ಬೀಟರೂಟಿನಲ್ಲಿರುವ ಬಣ್ಣವೇ ಅದು. ದಾಸವಾಳದ ಬಣ್ಣವನ್ನು ಮಾಡುವ ಗಿಡವು ಬೀಟರೂಟಿನ ಬಣ್ಣವನ್ನು ಮಾಡುವುದಿಲ್ಲ. ಅದನ್ನು ಮಾಡುವುದು ಇದನ್ನು ಮಾಡುವುದಿಲ್ಲ. ಎರಡನ್ನೂ ಮಾಡುವ ಗಿಡವು ಪ್ರಕೃತಿಯಲ್ಲಿ ಇದುವರೆಗೆ ಕಂಡುಬಂದಿಲ್ಲ. ಇನ್ನು ಕೆಲವು ಗಿಡಗಳು ಬಣ್ಣವನ್ನು ಬಿಟ್ಟು, ಎಲೆಯ ಮೇಲೆ ಬೂದಿಯಂಥ ಮೇಣವನ್ನು ಬಳಿದುಕೊಂಡು ಬೆಳಕನ್ನು ಹಿಂದಕ್ಕೆ ಚಿಮ್ಮಿಸುತ್ತವೆ. ಅಂಥ ಗಿಡಗಳನ್ನು ಕೈಯಿಂದ ಒರೆಸಿ ಹೊಳೆಯಿಸುವುದು ಗಿಡಕ್ಕೆ ಮಾಡುವ ಅಪಕಾರವೇ ಸರಿ.

ನನ್ನ ತಪ್ಪು ಎಲ್ಲಿತ್ತೆಂಬುದು ವಾಚಕರಿಗೆ ಈಗ ಹೊಳೆದಿರಬೇಕು. ಆಷಾಢದಿಂದ ಮಾಘದವರೆಗೆ, ಮೋಡದ ಮರೆಯಿಂದ ನಿರ್ಮಲ ಬಿಸಿಲಿಗೆ ದಿನದಿನವೂ ಸ್ವಲ್ಪಸ್ವಲ್ಪವಾಗಿ ಒಗ್ಗುತ್ತ, ಗಿಡವು ತನ್ನ ಕೊಡೆಯನ್ನು ತಾನೇ ಹೆಣೆದುಕೊಂಡಿತ್ತು. ನಾನು ಅದನ್ನು ಕೋಣೆಯೊಳಗಿಟ್ಟು ಆ ಕೊಡೆಯನ್ನು ಬಿಚ್ಚಿಸಿದೆನು. ಬಿಚ್ಚಿಸಿದುದಕ್ಕೆ ಗುಣವೆಂದು ಹೆಸರಿಟ್ಟೆನು. ಆಮೇಲೆ ಬರಿದಲೆಯಲ್ಲಿ ಚೈತ್ರದ ಬಿಸಿಲಿಗೆ ತಳ್ಳಿದೆನು. ನಮ್ಮ ಕಣ್ಣು ಈ ವಿಷಯದಲ್ಲಿ ನಂಬತಕ್ಕ ಸಾಕ್ಷಿಯಲ್ಲ. ನಡುಹಗಲಿನ ಬಯಲಿನಲ್ಲಿ ಬೆಳಕಿನ ಅಳತೆಯು ಸುಮಾರು 1,00,000 ಲಕ್ಸ್ ಇರುತ್ತದೆ. ಕಿಟಕಿಯಿಂದ ದೂರವಾದ ಕೋಣೆಯಲ್ಲಿ ಅದು 1,000 ಲಕ್ಸಿಗಿಂತಲೂ ಕಡಿಮೆ. ಕಣ್ಣಿನ ಪಾಪೆಯು ಹಿಗ್ಗಿ ಕುಗ್ಗಿ ಹೊಂದಿಕೊಳ್ಳುವುದರಿಂದ ಎರಡೂ ನಮಗೆ ಬೆಳಕೆಂದೇ ತೋರುತ್ತವೆ. ಎಲೆಗಾದರೋ, ಕೋಣೆಯಿಂದ ಅಂಗಳಕ್ಕೆ ಬರುವುದೆಂದರೆ ಒಮ್ಮೆಲೇ ನೂರು ಪಾಲು ಬೆಳಕಿಗೆ ಮೈಯೊಡ್ಡಿದಂತೆ. ಅಗತ್ಯವಾದ ವರ್ಣವನ್ನು ಸಂಗ್ರಹಿಸಲು ಅದಕ್ಕೆ ದಿನಗಳು, ವಾರಗಳು ಬೇಕು. ನಾನು ಒಂದು ಮುಂಜಾನೆಯನ್ನೂ ಕೊಡಲಿಲ್ಲ.

ಇಲ್ಲಿ ಒಂದು ಶಂಕೆ ಬರಬಹುದು. ನಮ್ಮ ಈ ನಾಲ್ಕು ಊರುಗಳ ಮೇಲೆ ಸೂರ್ಯನು ನೆತ್ತಿಗೆ ನೇರವಾಗಿ ಬರುವುದು ವರ್ಷದಲ್ಲಿ ಎರಡು ಸಲ: ಮೇ ತಿಂಗಳ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ತಿಂಗಳ ಎರಡನೆಯ ವಾರದ ಹೊತ್ತಿಗೆ ಇನ್ನೊಮ್ಮೆ. ಹಾಗಾದರೆ ಶ್ರಾವಣದಲ್ಲಿಯೂ ಎಲೆ ಕೆಂಪಾಗಬೇಡವೇ? ಆಗುವುದಿಲ್ಲ, ಏಕೆಂದರೆ ಆಗ ಮೋಡಗಳೇ ಕೊಡೆ ಹಿಡಿದಿರುತ್ತವೆ, ನೆಲದಲ್ಲಿ ನೀರೂ ಇರುತ್ತದೆ, ಗಿಡವು ಬೆಳೆಯುವ ಸಂಭ್ರಮದಲ್ಲಿರುತ್ತದೆ. ಪುಷ್ಯಮಾಘಗಳಲ್ಲಿ ಸೂರ್ಯನು ದಕ್ಷಿಣಕ್ಕೆ ವಾಲಿದ್ದರೂ ಆಕಾಶ ತಿಳಿಯಾಗಿದೆ, ರಾತ್ರಿ ತಂಪಾಗಿದೆ, ಮಣ್ಣು ಒಣಗಿದೆ. ತಂಪಿನಲ್ಲಿ ಎಲೆಯ ಪಾಕಕ್ರಿಯೆಯು ನಿಧಾನವಾಗುವುದರಿಂದ ಸಾಧಾರಣ ಬಿಸಿಲೂ ಅದಕ್ಕೆ ಮಿಗಿಲೇ. ಆದುದರಿಂದ ಕೆಂಪನ್ನು ಕರೆತರುವುದು ಬಿಸಿಲಾದರೂ, ತಂಪು ಮತ್ತು ನೀರಿನ ಕೊರತೆ ಅದನ್ನು ಗಾಢವಾಗಿಸುತ್ತವೆಂದು ತಿಳಿಯಬೇಕು.

ಗಿಡದ ಬಣ್ಣವನ್ನು ಓದುವ ಕ್ರಮವನ್ನು ಸಂಗ್ರಹವಾಗಿ ಹೇಳುವೆನು. ಎಲೆಯು ಗಟ್ಟಿಯಾಗಿದ್ದು, ಬಿಸಿಲಿನ ಕಡೆಗೆ ಸಮನಾಗಿ ಕೆಂಪೇರಿದ್ದರೆ ಅದು ಆರೋಗ್ಯದ ಲಕ್ಷಣ, ಅದನ್ನು ಅಲುಗಿಸಬೇಡಿರಿ. ಎಲೆಗಳು ಬಿಳಚಿಕೊಂಡು, ಗೆಣ್ಣುಗಳ ನಡುವಿನ ಅಂತರ ಹೆಚ್ಚಿ, ಕಾಂಡವು ಒಂದೇ ಕಡೆಗೆ ಬಾಗಿದ್ದರೆ ಬೆಳಕು ಸಾಲದು. ಬಿಸಿಲು ತಾಕುವ ಮಗ್ಗುಲಲ್ಲಿ ಮಾತ್ರ ಬಿಳಿಯ ಅಥವಾ ಕಂದು ಬಣ್ಣದ ಒಣತೇಪೆಗಳಿದ್ದರೆ ಅದು ಸುಟ್ಟ ಗಾಯ. ಆ ಕಲೆಯು ಮಾಯುವುದಿಲ್ಲ, ಹೊಸ ಎಲೆ ಬರುವ ದಾರಿ ಕಾಯಬೇಕು. ಬುಡದ ಎಲೆಗಳು ಹಳದಿಯಾಗಿ, ಮೆತ್ತಗಾಗಿ, ಒತ್ತಿದರೆ ನೀರಾಡುವಂತಿದ್ದರೆ ಬೆಳಕಿನ ದೋಷವಲ್ಲ. ನಿಮ್ಮ ತಂಬಿಗೆಯ ದೋಷ. ಗಿಡವು ಅತಿಯಾಗಿ ಕೆಂಪಾಗಿ, ಎಲೆಗಳು ಕಿರಿದಾಗಿ, ಬೆಳವಣಿಗೆಯೇ ನಿಂತಿದ್ದರೆ ಅದು ಕಷ್ಟವನ್ನು ಸಹಿಸುತ್ತಿದೆಯೆಂದು ತಿಳಿದು ಮಧ್ಯಾಹ್ನದ ನೆರಳನ್ನು ಕೊಡುವುದು ಒಳಿತು. ರಾಮದುರ್ಗದ ಗಿಡಕ್ಕೆ ತಂಗಿಯು ಈಗ ಹಳೆಯ ಸೀರೆಯೊಂದನ್ನು ಮರೆಕಟ್ಟಿದ್ದಾಳೆ.

ನೆರಳಿನ ಗಿಡವನ್ನು ಬಿಸಿಲಿಗೆ ತರುವಾಗ ಅವಸರ ಸಲ್ಲದು. ನರ್ಸರಿಯಿಂದ ತಂದ ಗಿಡಗಳು ಹೆಚ್ಚಾಗಿ ನೆರಳುಬಲೆಯ ಕೆಳಗೆ ಬೆಳೆದವಾಗಿರುತ್ತವೆ. ಅವುಗಳಿಗೂ ಇದೇ ನಿಯಮ. ಮೊದಲ ವಾರ ಮುಂಜಾನೆಯ ಒಂದೆರಡು ತಾಸಿನ ಬಿಸಿಲು ಸಾಕು. ಎರಡನೆಯ ವಾರ ಇನ್ನೊಂದೆರಡು ತಾಸು. ಮೂರನೆಯ ವಾರಕ್ಕೆ ಎಲೆಯಂಚು ಕೆಂಪೇರಿದ್ದರೆ ಗಿಡವು ತನ್ನ ಸಿದ್ಧತೆಯನ್ನು ಮಾಡಿಕೊಂಡಿತೆಂದು ತಿಳಿಯಿರಿ. ಈ ಕೆಲಸವನ್ನು ಮೋಡವಿರುವ ಕಾಲದಲ್ಲಿಯೋ ಚಳಿಗಾಲದಲ್ಲಿಯೋ ಆರಂಭಿಸಬೇಕು, ಚೈತ್ರವೈಶಾಖಗಳಲ್ಲಿ ಅಲ್ಲ. ಕಿಟಕಿಯ ಬಳಿಯ ಕುಂಡಗಳನ್ನು ವಾರಕ್ಕೊಮ್ಮೆ ಕಾಲುಸುತ್ತು ತಿರುಗಿಸಿದರೆ ಗಿಡವು ಒಂದೇ ಕಡೆಗೆ ಬಾಗದು.

ಇಷ್ಟನ್ನೂ ನಾನು ಪುಸ್ತಕಗಳನ್ನು ತಿರುವಿ, ಬಲ್ಲವರನ್ನು ಕೇಳಿ, ನಾಲ್ಕು ಊರು ತಿರುಗಿ ಕಲಿತೆನು. ಕಳೆದ ಕಾರ್ತಿಕದಲ್ಲಿ ನನ್ನ ಕುಂಡವನ್ನು ಪಡಸಾಲೆಯಿಂದ ಅಂಗಳಕ್ಕೆ ತರಬೇಕೆಂದು ಹಾಸುಗಲ್ಲುಗಳನ್ನು ತೊಳೆಸುತ್ತಿದ್ದೆನು. ನೀರು ಬಿದ್ದಾಗ ಹಳೆಯ ಕಲೆಗಳು ಎದ್ದು ಕಂಡವು. ಬೇವಿನ ಬೊಡ್ಡೆಯಿದ್ದ ಸ್ಥಳದಿಂದ ಹೊರಟು, ಅಂಗಳದ ನಡುವಿನವರೆಗೆ ಗುಂಡನೆಯ ಕಲೆಗಳು ಸಾಲಾಗಿದ್ದವು. ಒಂದರಿಂದ ಇನ್ನೊಂದಕ್ಕೆ ಗೇಣಿನಷ್ಟೇ ಅಂತರ. ನೆರಳಿನಿಂದ ಬಿಸಿಲಿಗೆ, ಪ್ರತಿವರ್ಷವೂ ಅದೇ ದಾರಿ, ಅದೇ ಗೇಣು. ಆಕೆ ಗುಡಿಸುವ ನೆವದಿಂದ ಕುಂಡವನ್ನು ಸುಮ್ಮನೆ ಸರಿಸುತ್ತಿರಲಿಲ್ಲ.

ಆಳಿಗೆ ಆ ಕಲ್ಲುಗಳನ್ನು ಉಜ್ಜಬೇಡವೆಂದು ಹೇಳಿದೆನು. ಕುಂಡವನ್ನು ಮೊದಲನೆಯ ಕಲೆಯ ಮೇಲಿಟ್ಟೆನು. ಬೇವಿನ ನೆರಳು ಈಗಿಲ್ಲವಾದುದರಿಂದ ಆ ತುದಿಗೆ ಒಂದು ತಟ್ಟಿಯನ್ನು ಮರೆಯಾಗಿ ನಿಲ್ಲಿಸಿ, ವಾರಕ್ಕೊಂದು ಗೇಣಿನಂತೆ ಹೊರಗೆ ತಂದೆನು. ಮಾಘದಲ್ಲಿ ಮೊಮ್ಮಗಳು ಬಂದಾಗ ಗಿಡವು ನಡು ಅಂಗಳದಲ್ಲಿ ತಾಮ್ರದ ಬಣ್ಣ ತಾಳಿ, ತಲೆಯ ಮೇಲೆ ತೂಗುವ ಹೂಗೊಂಚಲನ್ನು ಹೊತ್ತು ನಿಂತಿತ್ತು. “ಅಜ್ಜಾ, ಮತ್ತ ಕೆಂಪಾಗ್ಯದಲ್ಲ, ಒಳಗ ಇಡೋಣೇನು?” ಎಂದು ನನ್ನ ಮುಖವನ್ನು ನೋಡಿ ನಕ್ಕಳು.

“ಬ್ಯಾಡವ್ವಾ, ಇರಲಿ” ಎಂದೆನು.